ಭಾನುವಾರ ಪೂರ್ತಿ ಹೋಯ್ತು, ನನ್ನ ಸೈಟಿನಲ್ಲಿ ಬೆಣ್ಣೆ ಇನ್ನೂ ಬೆಣೆಯಾಗಿಯೇ ಇದೆ

ಬೋರ್ಡುಪ್ರೇಮಿ, ಮೈಸೂರು | ಭಾನುವಾರ ಮಧ್ಯಾಹ್ನ 12:10

ಯುಗಾದಿ ಮುಗಿದ ಮೇಲಿನ ಮೊದಲ ಭಾನುವಾರ. ಹೆಂಡತಿ, ಮಗಳು ಹಾಸನಕ್ಕೆ ಹೋಗಿದ್ದಾರೆ. ಹೊಂಗೆ ಹೂವು ಉದುರಿ ಸ್ಕೂಟರ್ ಸೀಟಿನ ಮೇಲೆ ಮಂಡಕ್ಕಿ ಚೆಲ್ಲಿದ ಹಾಗೆ ಕಾಣುತ್ತಿದೆ. ಕೋಗಿಲೆ ಬೆಳಗ್ಗೆಯಿಂದ ಬಾಯಿ ಮುಚ್ಚಿಲ್ಲ. ಇಂಥ ದಿನ ಉಂಡು ಮಲಗುವುದು ಬಿಟ್ಟು ಏಳೂವರೆಗೇ ಲ್ಯಾಪ್‌ಟಾಪ್ ತೆಗೆದು ಕೂತೆ. "ಒಂದು ಗಂಟೆ ಕೆಲಸ" ಅಂದುಕೊಂಡಿದ್ದೆ.

ವಿಷಯ ಇಷ್ಟು. 2012ರಿಂದ ನನ್ನದೊಂದು ಸಣ್ಣ ಸೈಟ್ ಇದೆ. ದೇವರಾಜ ಮಾರುಕಟ್ಟೆ, ಸಂತೆಪೇಟೆ, ಅಶೋಕ ರಸ್ತೆ ಸುತ್ತಮುತ್ತ ಇನ್ನೂ ಉಳಿದಿರುವ, ಕೈಯಲ್ಲಿ ಬರೆದ ಅಂಗಡಿ ಬೋರ್ಡುಗಳ ಫೋಟೊ ಹಾಕಿ ಕೆಳಗೆ ನಾಲ್ಕು ಸಾಲು ಬರೆಯುತ್ತೇನೆ. 214 ಬೋರ್ಡು ಆಗಿವೆ. ಇಷ್ಟು ವರ್ಷ ವರ್ಡ್‌ಪ್ರೆಸ್‌ನಲ್ಲಿತ್ತು. ಪ್ಲಗಿನ್ ಅಪ್‌ಡೇಟ್ ಮಾಡಿ ಮಾಡಿ ಬೇಜಾರಾಗಿ ಹ್ಯೂಗೋ ಎಂಬ ಇನ್ನೊಂದು ಸೈಟ್ ಕಟ್ಟುವ ಸಾಫ್ಟ್‌ವೇರಿಗೆ ಬಂದೆ. ಒಂದು ಚೆಂದದ ಥೀಮ್ (ಸಿದ್ಧ ವಿನ್ಯಾಸ) ಸಿಕ್ಕಿತು. ಡೆಮೊದಲ್ಲಿ ಇಂಗ್ಲಿಷ್ ಶೀರ್ಷಿಕೆಗಳು ದಪ್ಪಗೆ, ಒತ್ತೊತ್ತಾಗಿ ಪತ್ರಿಕೆಯ ಮುಖಪುಟದ ಹಾಗಿದ್ದವು. ಕನ್ನಡ ಹಾಕಿದೆ, ಕೆಟ್ಟಿತು.

ಮುಖಪುಟದ ಕಾರ್ಡುಗಳಲ್ಲಿ ಒತ್ತಕ್ಷರ ಕತ್ತರಿಸಿ ಹೋಗುತ್ತಿದೆ. "ಸಂತೆಪೇಟೆಯ ಬೆಣ್ಣೆ ಅಂಗಡಿ" ಎಂದು ಬರೆದದ್ದು "ಸಂತೆಪೇಟೆಯ ಬೆಣೆ ಅಂಗಡಿ" ಆಗಿದೆ. ಬಡಗಿಗಳು ಹುಡುಕಿಕೊಂಡು ಬರಬಹುದು. ಶೀರ್ಷಿಕೆ ಎರಡು ಸಾಲಾದರೆ ಇನ್ನೊಂದು ಅವಾಂತರ: ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಹತ್ತಿ ಕೂತಿರುತ್ತದೆ.

ಫಾಂಟಿನದೇ ತಪ್ಪು ಅಂತ ನಾಲ್ಕು ಸಲ ಬದಲಾಯಿಸಿದೆ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ, ಮತ್ತೆ ನೋಟೊ. ಅಷ್ಟರಲ್ಲಿ ಹನ್ನೆರಡು ಹೊಡೆಯಿತು. ಬೆಳಗಿನ ಕಾಫಿ ಪಕ್ಕದಲ್ಲೇ ಇದೆ, ಕೆನೆ ಕಟ್ಟಿಕೊಂಡು. ಯಾರಾದರೂ ದಾರಿ ತೋರಿಸಿ.

ಎಡವಟ್ಟುರಾಯ | 12:16

ಬೆಣೆ ಅಂಗಡಿ! ಹಾಗೇ ಬಿಡಿ ಸಾರ್, ಸೈಟಿಗೆ ಜನ ಜಾಸ್ತಿ ಬರ್ತಾರೆ.

ಸೊನ್ನೆಒಂದು | 12:24

ಫಾಂಟಿನ ತಪ್ಪಲ್ಲ. ಥೀಮಿನ ಸಿಎಸ್‌ಎಸ್ (ಪುಟದ ರೂಪ ಹೇಳುವ ಫೈಲು) ತೆಗೆದು ಕಾರ್ಡ್ ಶೀರ್ಷಿಕೆಯ ಲೈನ್ ಹೈಟ್, ಅಂದರೆ ಸಾಲಿನ ಎತ್ತರ ಅಕ್ಷರದ ಗಾತ್ರದ ಎಷ್ಟು ಪಟ್ಟು, ನೋಡಿ. 1.1 ಅಥವಾ 1.2 ಇರುತ್ತದೆ, ಬೇಕಿದ್ದರೆ ಪಂದ್ಯ ಕಟ್ಟುತ್ತೇನೆ. ಎರಡು ಸಾಲಿಗೆ ನಿಲ್ಲಿಸಲು ಲೈನ್ ಕ್ಲ್ಯಾಂಪ್ ಹಾಕಿರುತ್ತಾರೆ, ಅದರ ಜೊತೆಗೆ ಓವರ್‌ಫ್ಲೋ ಹಿಡನ್, ಅಂದರೆ ಚೌಕದಿಂದ ಆಚೆ ಹೋದದ್ದನ್ನು ಕತ್ತರಿಸುವ ಸೂಚನೆ, ಬಂದೇ ಬರುತ್ತದೆ. ಇಂಗ್ಲಿಷಿನಲ್ಲಿ ಗೆರೆಯಿಂದ ಕೆಳಗಿಳಿಯುವುದು ಜಿ, ವೈ ತರಹದ ನಾಲ್ಕಾರು ಅಕ್ಷರದ ಬಾಲ ಮಾತ್ರ. ನಮಗೆ ಪ್ರತಿ ಎರಡನೇ ಪದಕ್ಕೂ ನೆಲಮಾಳಿಗೆ ಬೇಕು. "ವಸ್ತ್ರ" ಎಂದರೆ ಎರಡಂತಸ್ತಿನ ನೆಲಮಾಳಿಗೆ.

ಲೈನ್ ಹೈಟ್ 1.6 ಮಾಡಿ. ಕೆಳಗೆ ಸ್ವಲ್ಪ ಪ್ಯಾಡಿಂಗ್ (ಖಾಲಿ ಜಾಗ) ಕೊಡಿ. ಅಕ್ಷರಗಳ ನಡುವಿನ ಅಂತರಕ್ಕೆ ಮೈನಸ್ ಹಾಕಿದ್ದರೆ ಅದನ್ನು ಸೊನ್ನೆ ಮಾಡಿ, ಇಲ್ಲದಿದ್ದರೆ ದೀರ್ಘದ ಕೊಂಬು ಪಕ್ಕದ ಅಕ್ಷರಕ್ಕೆ ಹೋಗಿ ತಿವಿಯುತ್ತದೆ.

ಪೇಡೆಪ್ರಿಯ, ಧಾರವಾಡ | 12:31

ನಂದೂ ಇದೇ ಕತಿ ಆಗಿತ್ತು ನೋಡ್ರಿ. ನನ್ನ ಸೈಟಿನ ಹೆಸರಿನಲ್ಲಿ "ಹಳ್ಳಿ" ಇತ್ತು. ಮೂರು ತಿಂಗಳು "ಹಳಿ" ಅಂತ ತೋರಿಸಿತು. ನಾನು ರೈಲ್ವೆಯಲ್ಲಿ ಕೆಲಸ ಮಾಡ್ತೀನಿ ಅಂತ ತಿಳಿದು ಒಬ್ಬರು ಟಿಕೆಟ್ ಕನ್ಫರ್ಮ್ ಮಾಡಿಸಿ ಅಂತ ಮೇಲ್ ಹಾಕಿದ್ದರು.

ಎಡವಟ್ಟುರಾಯ | 12:33

ಇದು ಒಳ್ಳೆ ಆಟ. ಒತ್ತು ತೆಗೆದರೂ ಅರ್ಥ ಉಳಿಯುವ ಪದ ಹೇಳಿ. ಕತ್ತೆ, ಕತೆ.

ಲೀಡ್ಸ್‌ಕನ್ನಡತಿ | 12:40

ಎಲ್ಲೆ, ಎಲೆ. ಹುಲ್ಲು, ಹುಲು. ಬಳ್ಳಿ, ಬಳಿ.

(ಇಲ್ಲಿ ಡ್ಯಾಫೊಡಿಲ್ ಬಂದಿದೆ, ಆದರೂ ಸ್ವೆಟರ್ ಬಿಟ್ಟಿಲ್ಲ. ಹೊಂಗೆ ಹೂವು ಅಂದಿದ್ದಕ್ಕೆ ಹೊಟ್ಟೆ ಉರಿಯಿತು.)

ತುಂಗಾತೀರ | 12:44

ಕಣ್ಣಿ, ಕಣಿ. ಹಗ್ಗದ ಕಣ್ಣಿ ಹೋಗಿ ಭವಿಷ್ಯ ಹೇಳುವ ಕಣಿ ಆಯ್ತು ಮಾರಾಯ್ರೆ.

ಬೋರ್ಡುಪ್ರೇಮಿ, ಮೈಸೂರು | 1:05

@ಸೊನ್ನೆಒಂದು, ಪಂದ್ಯ ಗೆದ್ದಿರಿ. 1.1 ಇತ್ತು. ಅಕ್ಷರದ ಅಂತರಕ್ಕೂ ಮೈನಸ್ ಇತ್ತು. ಎರಡನ್ನೂ ಬದಲಾಯಿಸಿದೆ, ಬೆಣ್ಣೆ ಬಂತು! ಆದರೆ ಈಗ ಕಾರ್ಡುಗಳೆಲ್ಲ ಬೇರೆ ಬೇರೆ ಎತ್ತರ. ಒಂದು ಸಾಲಿನಲ್ಲಿ ಮೂರು ಕಾರ್ಡು ಇದ್ದರೆ ಮೂರೂ ಮೆಟ್ಟಿಲ ಹಾಗೆ ನಿಂತಿವೆ. ಕೆಳಗೆ ಬರುವ ಸಾರಾಂಶವೂ ತೀರಾ ಉದ್ದ. ಡೆಮೊದಲ್ಲಿ ಪುಟ್ಟದಾಗಿತ್ತು.

ಸೊನ್ನೆಒಂದು | 1:12

ಹ್ಯೂಗೋ ತಾನಾಗಿಯೇ ಸಾರಾಂಶ ಮಾಡಿದರೆ ಸುಮಾರು 70 ಪದ ಎಣಿಸುತ್ತದೆ. ಇಂಗ್ಲಿಷಿನ 70 ಪದ ಎಂದರೆ ಒಂದು ಪ್ಯಾರಾ. ನಾವು "ಹೋಗಬೇಕಾಗಿಬಂದಿದ್ದರಿಂದ" ಅಂತ ಒಂದೇ ಪದದಲ್ಲಿ ಬೆಂಗಳೂರಿಗೆ ಹೋಗಿ ಬರುವವರು. ಸೆಟ್ಟಿಂಗ್‌ನಲ್ಲಿ ಸಮ್ಮರಿ ಲೆಂತ್ 25 ಮಾಡಿ.

ಮಸಾಲೆಪುರಿ | 1:20

ಒಂದು ಪ್ರಶ್ನೆ, ಬೇಜಾರಾಗಬೇಡಿ. ಇಷ್ಟೆಲ್ಲ ಯಾಕೆ? ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕಿದರೆ ಆಯ್ತಲ್ಲ? ಲೈನ್ ಹೈಟೂ ಇಲ್ಲ, ತಲೆನೋವೂ ಇಲ್ಲ. ನೋಡುವವರು ಅಲ್ಲೇ ಇದ್ದಾರೆ. ಸ್ವಂತ ಸೈಟಿಗೆ ಈಗ ಯಾರು ಬರ್ತಾರೆ ಹೇಳಿ?

ನುಡಿಕಾಲದವನು | 1:38

ಮಸಾಲೆಪುರಿಯವರೇ, ಆರ್ಕುಟ್ ನೆನಪಿದೆಯಾ? ಅಲ್ಲಿನ ಕನ್ನಡದ ಕಮ್ಯುನಿಟಿಗಳಲ್ಲಿ ನಾವು ಹಳೆಗನ್ನಡ ಪದಗಳ ಬಗ್ಗೆ ರಾತ್ರಿ ಎರಡರವರೆಗೆ ಜಗಳ ಆಡಿದ್ದೇವೆ. 2014ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿದರು. ಅದಕ್ಕೂ ಮೊದಲು 2009ರಲ್ಲಿ ಜಿಯೋಸಿಟೀಸ್ ಹೋಯಿತು, ನನ್ನ ಮೊದಲ ಪುಟ ಅಲ್ಲೇ ಇತ್ತು. 2019ರಲ್ಲಿ ಗೂಗಲ್ ಪ್ಲಸ್. ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆದ ಹಾಗೆ, ಮಾಲೀಕ ಖಾಲಿ ಮಾಡು ಅಂದರೆ ಫೋಟೊ ಎತ್ತಿಕೊಂಡು ಹೊರಡಬೇಕು. ಕೆಲವು ಸಲ ಎತ್ತಿಕೊಳ್ಳಲೂ ಬಿಡುವುದಿಲ್ಲ.

ನಾನು ಡಿಟಿಪಿ, ಅಂದರೆ ಅಚ್ಚಿಗೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡಿದವನು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಒಂದು ಪೆಟ್ಟಿಗೆ ಸೀಡಿ ತುಂಬ ಇದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಚುಕ್ಕಿ, ಗೆರೆ, ಟೋಪಿ ಇಟ್ಟ ಹಾಗೆ ಕಾಣುತ್ತದೆ. ಯೂನಿಕೋಡ್‌ನಲ್ಲಿ (ಯಾವ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಬರೆದು ಸ್ವಂತ ಜಾಗದಲ್ಲಿ ಇಟ್ಟಿದ್ದೀರಿ ಅಂದರೆ ಅರ್ಧ ಗೆದ್ದಿದ್ದೀರಿ. ಉಳಿದಿದ್ದು ಬಣ್ಣ ಬಳಿಯುವ ಕೆಲಸ.

ಮಸಾಲೆಪುರಿ | 1:43

ಒಪ್ಪಿದೆ, ಆದರೆ ಸ್ವಂತ ಡೊಮೈನೂ ವರ್ಷ ವರ್ಷ ಬಾಡಿಗೆಯೇ ಅಲ್ವಾ? ದುಡ್ಡು ಕಟ್ಟುವುದು ಮರೆತರೆ ಅದೂ ಹೋಗುತ್ತದೆ. ನನ್ನ ಸ್ನೇಹಿತನ ಸೈಟಿನ ವಿಳಾಸದಲ್ಲಿ ಈಗ ಯಾವುದೋ ಜೂಜಿನ ಪುಟ ಬರುತ್ತದೆ.

ನುಡಿಕಾಲದವನು | 1:45

ಅದೂ ನಿಜ ಅನ್ನಿ. ಆದರೂ ಫೈಲು ನಮ್ಮ ಹತ್ತಿರ ಇರುತ್ತದೆ.

ಲೀಡ್ಸ್‌ಕನ್ನಡತಿ | 1:52

ಶೀರ್ಷಿಕೆಗೆ ಟೀರೋ ಕನ್ನಡ ನೋಡಿದ್ದೀರಾ? ಹಳೆ ಅಚ್ಚಿನ ಪುಸ್ತಕದ ಛಾಯೆ ಇದೆ. ಅದರಲ್ಲಿ ಇಟ್ಯಾಲಿಕ್ ಅನ್ನು ಬೇರೆಯಾಗಿಯೇ ಬರೆದಿದ್ದಾರೆ. ನೋಟೊ ಕನ್ನಡಕ್ಕೆ ಇಟ್ಯಾಲಿಕ್ ಇಲ್ಲ, ಬ್ರೌಸರ್ ಸುಮ್ನೆ ಅಕ್ಷರವನ್ನು ಹಿಡಿದು ವಾಲಿಸುತ್ತದೆ. ಗಾಳಿಗೆ ವಾಲಿದ ತೆಂಗಿನ ಮರದ ಹಾಗಿರುತ್ತದೆ.

ಸೊನ್ನೆಒಂದು | 1:55

ಬೋರ್ಡುಗಳ ಸೈಟಿಗೆ ಪುಸ್ತಕದ ಅಕ್ಷರ ಯಾಕೆ? ಅನೇಕ್ ಇರಲಿ. ತೆಳು, ದಪ್ಪ ಮಾತ್ರವಲ್ಲ, ಅಗಲವನ್ನೂ ಹಿಗ್ಗಿಸಬಹುದು, ಕುಗ್ಗಿಸಬಹುದು. ಬೋರ್ಡು ಬರೆಯುವವರು ಜಾಗ ನೋಡಿಕೊಂಡು ಮಾಡುತ್ತಿದ್ದದ್ದು ಅದನ್ನೇ.

ತುಂಗಾತೀರ | 2:20

ಬೋರ್ಡು ಬರೆಯುವವರ ಮಾತು ಬಂತಲ್ಲ, ನಮ್ಮ ಸೋದರಮಾವ ಶಿವಮೊಗ್ಗದಲ್ಲಿ ಅದೇ ಕೆಲಸ ಮಾಡುತ್ತಿದ್ದವರು. ರಜೆಯಲ್ಲಿ ಡಬ್ಬ ಹಿಡಿದುಕೊಂಡು ಹಿಂದೆ ಹೋಗುತ್ತಿದ್ದೆ. ಮೊದಲು ತಗಡಿಗೆ ಬಣ್ಣ ಹೊಡೆದು ಒಣಗಿಸುತ್ತಿದ್ದರು. ಆಮೇಲೆ ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಬಿಗಿಯಾಗಿ ಹಿಡಿದು ನಡುವೆ ಎತ್ತಿ ಟಪ್ ಅಂತ ಬಿಡುತ್ತಿದ್ದರು. ತಗಡಿನ ಮೇಲೆ ಬಿಳಿ ಗೆರೆ. ಹಾಗೆ ಮೇಲೊಂದು, ಕೆಳಗೊಂದು. ಅಕ್ಷರದ ಮೈ ಅದರ ಮಧ್ಯೆ.

ಕೆಳಗೆ ಇನ್ನೊಂದು ಮೂರನೇ ಗೆರೆ ಇರುತ್ತಿತ್ತು, ಒತ್ತಿಗೆ. ಅದಕ್ಕೆ ಅವರು "ಕೆಳಮನೆ" ಅನ್ನುತ್ತಿದ್ದರು. ಹೆಸರು ಕೇಳಿದ ಕೂಡಲೇ ಮೊದಲು ಅದರಲ್ಲಿ ಒತ್ತು ಎಷ್ಟಿದೆ ಅಂತ ಎಣಿಸುವುದು. ಒತ್ತೇ ಇಲ್ಲದ ಹೆಸರಾದರೆ ಅಕ್ಷರ ದೊಡ್ಡದು. ನಿಮ್ಮ ಥೀಮಿನವರು ಕೆಳಮನೆ ಬಿಟ್ಟೇ ಇಲ್ಲ ನೋಡಿ, ಅಷ್ಟೇ ವಿಷಯ.

ಪೇಡೆಪ್ರಿಯ, ಧಾರವಾಡ | 2:26

ಈ ಒಂದು ಪೋಸ್ಟಿಗಾಗಿ ಭಾನುವಾರದ ನಿದ್ದಿ ಬಿಟ್ಟದ್ದು ಸಾರ್ಥಕ ಆತು ನೋಡ್ರಿ.

ಬೋರ್ಡುಪ್ರೇಮಿ, ಮೈಸೂರು | 2:50

ತುಂಗಾತೀರ ಸಾರ್, ಮಾವನವರ ಬೋರ್ಡು ಯಾವುದಾದರೂ ಉಳಿದಿದ್ದರೆ ದಯವಿಟ್ಟು ಫೋಟೊ ಕಳಿಸಿ.

ಊಟ ಮಾಡಿ ಬಂದೆ, ಮಾವಿನಕಾಯಿ ಚಿತ್ರಾನ್ನ, ಮೊಸರು. ಈಗ ಹೊಸ ಗ್ರಹಚಾರ. ಹಳೆ ಪೋಸ್ಟುಗಳಲ್ಲಿ "ಸಾಫ್ಟ್‌ವೇರ್" ಎಲ್ಲ "ಸಾಫ್ಟ್ವೇರ್" ಆಗಿದೆ. ಟ್‌ಗೆ ವ ಒತ್ತು ಅಂಟಿಕೊಂಡಿದೆ. "ಹಾರ್ಡ್‌ವೇರ್ ಅಂಗಡಿ" ನನ್ನ ಸೈಟಿನಲ್ಲಿ ಹತ್ತಾರು ಕಡೆ ಇದೆ, ಅದೆಲ್ಲ "ಹಾರ್ಡ್ವೇರ್". ವರ್ಡ್‌ಪ್ರೆಸ್‌ನಲ್ಲಿ ಸರಿ ಇತ್ತು. ನಾನೇನೂ ಮುಟ್ಟಿಲ್ಲ.

ಸೊನ್ನೆಒಂದು | 2:54

ಏನೂ ಮುಟ್ಟಿಲ್ಲ ಎಂದರೆ ಏನೋ ಮುಟ್ಟಿದ್ದೀರಿ ಎಂದೇ ಅರ್ಥ. ಫೈಲುಗಳನ್ನು ಯಾವುದಾದರೂ ಸ್ಕ್ರಿಪ್ಟ್‌ನಲ್ಲಿ "ಕ್ಲೀನ್" ಮಾಡಿದಿರಾ?

ಬೋರ್ಡುಪ್ರೇಮಿ, ಮೈಸೂರು | 2:57

...ಮಾಡಿದೆ. ಎಡಿಟರ್ ತೆಗೆದಾಗ ಕಣ್ಣಿಗೆ ಕಾಣದ ಅಕ್ಷರಗಳಿವೆ ಅಂತ ಹಳದಿ ಚೌಕ ತೋರಿಸಿತು. ಏನೋ ಕಸ ಇರಬೇಕು ಅಂತ ಎಲ್ಲ ತೆಗೆಸಿಬಿಟ್ಟೆ.

ಸೊನ್ನೆಒಂದು | 3:06

ಅಯ್ಯೋ ಗುರು. ಕಸ ಅಲ್ಲ ಅದು. "ಟ್" ಮತ್ತು "ವ" ನಡುವೆ ಕೂತು "ನೀವಿಬ್ಬರೂ ಅಂಟಿಕೊಳ್ಳಬೇಡಿ" ಅನ್ನುವ ಅಕ್ಷರ. ಶೂನ್ಯ ಅಗಲದ ಅಂಟುತಡೆ ಅನ್ನಿ, ಯೂನಿಕೋಡ್‌ನಲ್ಲಿ ಅದಕ್ಕೆ ಸ್ವಂತ ಸಂಖ್ಯೆ ಇದೆ. ಅದರ ತಮ್ಮ ಒಬ್ಬ ಇದ್ದಾನೆ, ಅಂಟಿಸುವವನು. "ರ‍್ಯಾಂಕ್" ಬರೆಯಲು ಅವನು ಬೇಕು, ಇಲ್ಲದಿದ್ದರೆ ರ ಹೋಗಿ ಅರ್ಕಾವತ್ತು ಆಗುತ್ತದೆ. ಇಬ್ಬರನ್ನೂ ಹೊರಗೆ ಹಾಕಿದ್ದೀರಿ.

ವರ್ಡ್‌ಪ್ರೆಸ್‌ನಿಂದ ತೆಗೆದ ಎಕ್ಸ್‌ಪೋರ್ಟ್ ಫೈಲು ಇದೆಯಾ? ಇದ್ದರೆ ಅದರಿಂದಲೇ ಮತ್ತೆ ಮೊದಲಿನಿಂದ ಪರಿವರ್ತನೆ ಮಾಡಿ. ಹುಡುಕಿ ಹುಡುಕಿ ತಿದ್ದಲು ಹೋಗಬೇಡಿ, ಮುಂದಿನ ಯುಗಾದಿ ಬರುತ್ತದೆ.

ಎಡವಟ್ಟುರಾಯ | 3:09

ಕಾಣದವರೇ ಮನೆ ನಡೆಸುವುದು. ನಮ್ಮಮ್ಮನ ಹಾಗೆ.

ಬೋರ್ಡುಪ್ರೇಮಿ, ಮೈಸೂರು | 3:48

ಎಕ್ಸ್‌ಪೋರ್ಟ್ ಫೈಲು ಡೌನ್‌ಲೋಡ್ಸ್‌ನಲ್ಲಿ ಇತ್ತು, ಬದುಕಿದೆ. ಮತ್ತೆ ಪರಿವರ್ತನೆ ಮಾಡಿದೆ. ಹಾರ್ಡ್‌ವೇರ್ ಸರಿಯಾಯಿತು. ಆದರೆ ಇದನ್ನು ನೋಡಿ: ಹಳೆ ಪೋಸ್ಟುಗಳ ವಿಳಾಸ ಎಲ್ಲ ಅರ್ಧಕ್ಕೆ ತುಂಡಾಗಿದೆ. "ಅಶೋಕ ರಸ್ತೆಯ ಸೈಕಲ್ ರಿಪೇರಿ ಅಂಗಡಿ" ಎಂಬ ಪೋಸ್ಟಿನ ವಿಳಾಸ "ಅಂಗಡಿ"ಯವರೆಗೂ ಬಂದಿಲ್ಲ. ಇದಂತೂ ನಾನು ಮಾಡಿದ್ದಲ್ಲ, ಆಣೆ ಮಾಡಿ ಹೇಳುತ್ತೇನೆ.

ಸೊನ್ನೆಒಂದು | 3:59

ಇದು ನಿಮ್ಮ ತಪ್ಪಲ್ಲ. ಕನ್ನಡ ಅಕ್ಷರ ವಿಳಾಸಕ್ಕೆ ಹೋದಾಗ ಒಂದೊಂದೂ ಮೂರು ಬೈಟು, ಪ್ರತಿ ಬೈಟಿಗೂ ಶೇಕಡಾ ಚಿಹ್ನೆ ಸೇರಿ ಮೂರು ಮೂರು ಚಿಹ್ನೆ. ಅಂದರೆ ಒಂದಕ್ಕೆ ಒಂಬತ್ತು. "ಯುಗಾದಿ"ಯಲ್ಲಿ ಮೂರು ವ್ಯಂಜನ, ಮೂರು ಸ್ವರಚಿಹ್ನೆ, ಒಟ್ಟು ಆರು. ವಿಳಾಸದಲ್ಲಿ 54. ವರ್ಡ್‌ಪ್ರೆಸ್ ಇದಕ್ಕೆ ಇಟ್ಟ ಜಾಗ 200. ಹಾಗಾಗಿ ಇಪ್ಪತ್ತೆರಡರ ಹತ್ತಿರ ಕತ್ತರಿ ಬೀಳುತ್ತದೆ.

ಹೊಸ ವಿಳಾಸ ಚಿಕ್ಕದಾಗಿ ಮಾಡಿಕೊಳ್ಳಿ, ಆದರೆ ಹಳೆಯದನ್ನು ಪ್ರತಿ ಪೋಸ್ಟಿನ ತಲೆಯಲ್ಲಿ ಏಲಿಯಸ್ ಅಂತ ಸೇರಿಸಿ. ಹ್ಯೂಗೋ ಹಳೆ ವಿಳಾಸದಲ್ಲಿ ಒಂದು ಪುಟ ಇಟ್ಟು ಬಂದವರನ್ನು ಹೊಸದಕ್ಕೆ ಕಳಿಸುತ್ತದೆ. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಒಳ್ಳೆ ವಿಳಾಸ ಬದಲಾಗಬಾರದು ಅಂತ 1998ರಲ್ಲೇ ಹೇಳಿದ್ದಾರೆ. ಕೇಳಿದವರು ಕಡಿಮೆ.

ಮಸಾಲೆಪುರಿ | 4:03

ಅದಕ್ಕೇ ಹೇಳಿದ್ದು, ಇನ್‌ಸ್ಟಾಗ್ರಾಂ.

ಪೇಡೆಪ್ರಿಯ, ಧಾರವಾಡ | 4:10

ವಾಟ್ಸ್‌ಆ್ಯಪ್‌ನಲ್ಲಿ ನನ್ನ ಲಿಂಕ್ ಕಳಿಸಿದರೆ ಅರ್ಧ ಪರದೆ ಬರೇ ಶೇಕಡಾ ಚಿಹ್ನೆ ಬರ್ತಿತ್ತು. ನಮ್ಮ ಕಾಕಾ ಫೋನ್ ಮಾಡಿ "ಬಡ್ಡಿ ಎಷ್ಟಂತ?" ಅಂತ ಕೇಳಿದ್ದರು.

ಶ್ರವಣ | 4:35

ತಡವಾಗಿ ಬಂದೆ. ನಾನು ಕಣ್ಣು ಕಾಣದವನು, ಎನ್‌ವಿಡಿಎ ಸ್ಕ್ರೀನ್ ರೀಡರ್ (ಪರದೆಯ ಬರಹ ಓದಿ ಹೇಳುವ ಸಾಫ್ಟ್‌ವೇರ್) ಬಳಸುತ್ತೇನೆ. ನಿಮ್ಮ ಪ್ರೊಫೈಲಿನಲ್ಲಿದ್ದ ಲಿಂಕಿನಿಂದ ಹೊಸ ಸೈಟಿಗೆ ಹೋಗಿ ಬಂದೆ. ಎರಡು ಮಾತು.

ಒಂದು, ಪುಟದ ಭಾಷೆ ಇಂಗ್ಲಿಷ್ ಅಂತ ಇದೆ, ಥೀಮಿನಿಂದ ಬಂದಿರಬೇಕು. ಅದನ್ನು ಕನ್ನಡ ಮಾಡಿ. ಇಲ್ಲದಿದ್ದರೆ ಇಂಗ್ಲಿಷ್ ದನಿ ಬಂದು ಕನ್ನಡದ ಮೇಲೆ ಎಡವುತ್ತದೆ. ಎರಡು ನಿಮಿಷದ ಕೆಲಸ.

ಎರಡನೆಯದು ಎರಡು ನಿಮಿಷದ್ದಲ್ಲ. ಬೋರ್ಡುಗಳ ಸೈಟು ಅಂದಿರಿ. ಪ್ರತಿ ಫೋಟೊ ಬಂದಾಗ ನನಗೆ ಕೇಳಿಸುವುದು "ಐಎಂಜಿ 2043", "ಐಎಂಜಿ 2044". ಕೆಳಗೆ ನೀವು ಬರೆದದ್ದು ಚೆನ್ನಾಗಿದೆ, ಅಂಗಡಿಯವರ ಕತೆ, ಬಣ್ಣದ ವಿಚಾರ ಎಲ್ಲ ಇದೆ. ಆದರೆ ಬೋರ್ಡಿನಲ್ಲಿ ಏನು ಬರೆದಿದೆ ಅಂತ ಎಲ್ಲೂ ಇಲ್ಲ. ನೋಡುವವರಿಗೆ ಕಾಣುತ್ತದಲ್ಲ ಅಂತ ಬಿಟ್ಟಿದ್ದೀರಿ.

ಬೋರ್ಡುಪ್ರೇಮಿ, ಮೈಸೂರು | 4:52

ಶ್ರವಣ ಅವರೇ, ಏನು ಹೇಳಬೇಕೋ ತಿಳಿಯುತ್ತಿಲ್ಲ. ಹದಿಮೂರು ವರ್ಷಕ್ಕೂ ಜಾಸ್ತಿ ಆಯಿತು, ಇದು ಒಂದು ಸಲವೂ ಹೊಳೆಯಲಿಲ್ಲ. ಭಾಷೆ ಈಗಲೇ ಸರಿ ಮಾಡಿದೆ. ಫೋಟೊ ಬದಲು ಓದಿ ಹೇಳಲು ಇರುವ ಆಲ್ಟ್ ಬರಹ ಇವತ್ತೇ ಶುರು ಮಾಡುತ್ತೇನೆ.

ಸೊನ್ನೆಒಂದು | 4:55

214 ಫೋಟೊ. ಬೇಕಿದ್ದರೆ ಫೋಟೊದಿಂದ ಅಕ್ಷರ ಓದುವ ಸಾಫ್ಟ್‌ವೇರಿಗೆ ಕೊಡಿ, ಕರಡು ಸಿಗುತ್ತದೆ.

ತುಂಗಾತೀರ | 5:01

ಕೈಬರಹದ ಬೋರ್ಡು ಅದಕ್ಕೆ ಓದಲು ಬರುವುದು ಅಷ್ಟರಲ್ಲೇ ಇದೆ. ಮಾವ ಬರೆದ "ಶ್ರೀ" ಅನ್ನು ನಾವೇ ನವಿಲು ಅಂದುಕೊಂಡಿದ್ದೆವು.

ಲೀಡ್ಸ್‌ಕನ್ನಡತಿ | 5:15

ಅಂದ ಹಾಗೆ ಡಾರ್ಕ್ ಮೋಡ್ ಇಟ್ಟಿದ್ದೀರಾ? ಕಪ್ಪಿನ ಮೇಲೆ ತೆಳ್ಳನೆ ಕನ್ನಡ ಓದುವುದು ಬಲು ಕಷ್ಟ, ಅಕ್ಷರದ ಒಳಗಿನ ಸುರುಳಿಯೆಲ್ಲ ಮುಚ್ಚಿದ ಹಾಗೆ ಕಾಣುತ್ತದೆ.

ಎಡವಟ್ಟುರಾಯ | 5:17

ಇವತ್ತು ಅವರನ್ನು ಬಿಟ್ಟುಬಿಡಿ ಮೇಡಂ.

ಬೋರ್ಡುಪ್ರೇಮಿ, ಮೈಸೂರು | ರಾತ್ರಿ 9:25

ಏಲಿಯಸ್ ಮುಟ್ಟಿಲ್ಲ. ಕಾರ್ಡುಗಳು ಇನ್ನೂ ಮೆಟ್ಟಿಲ ಹಾಗೇ ಇವೆ. ಡಾರ್ಕ್ ಮೋಡ್ ಗುಂಡಿ ಒತ್ತಿದರೆ ಮೆನು ಮಾಯವಾಗುತ್ತದೆ, ಸದ್ಯಕ್ಕೆ ಗುಂಡಿಯನ್ನೇ ಮಾಯ ಮಾಡಿದ್ದೇನೆ. ಸಂಜೆಯಿಂದ 19 ಫೋಟೊಗಳಿಗೆ ಆಲ್ಟ್ ಬರೆದೆ, ಅಷ್ಟೇ.

ಒಂದು ವಿಷಯ ಹೇಳಲೇಬೇಕು. ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡಬೇಕಾದ್ದರಿಂದ ಫೋಟೊ ದೊಡ್ಡದು ಮಾಡಿಕೊಂಡು ಕೂತಿದ್ದೆ. ಬೆಣ್ಣೆ ಅಂಗಡಿ ಬಂತು. 2013ರಲ್ಲಿ ತೆಗೆದದ್ದು. ಹಸಿರು ತಗಡು, ಹಳದಿ ಅಕ್ಷರ, ಬಲಗಡೆ ತುಕ್ಕು. ಟೈಪ್ ಮಾಡುವಾಗ ಕೈ ನಿಂತಿತು. ಬೋರ್ಡಿನಲ್ಲಿ "ಬೆಣ್ಣೆ" ಅಂತ ಇಲ್ಲವೇ ಇಲ್ಲ. "ಬೆಂಣೆ" ಅಂತಿದೆ. ಬೆ, ಸೊನ್ನೆ, ಣೆ. ಇಡೀ ಬೋರ್ಡಿನಲ್ಲಿ ಒಂದೂ ಒತ್ತಿಲ್ಲ. ಅಕ್ಷರಗಳು ತಗಡಿನ ಕೆಳಗಿನ ಅಂಚಿಗೆ ಮುಟ್ಟುವಷ್ಟು ದೊಡ್ಡದಾಗಿವೆ. ನಾನು ಇಷ್ಟು ವರ್ಷ ಅದನ್ನು ಬೆಣ್ಣೆ ಅಂತಲೇ ಓದಿಕೊಂಡು, ಬೆಳಗ್ಗೆಯಿಂದ ಅದಕ್ಕೆ ಒತ್ತು ಹಚ್ಚಲು ಒದ್ದಾಡಿದ್ದೇನೆ.

ತುಂಗಾತೀರ | 9:31

ಹೋಯ್! ಕೆಳಮನೆಗೆ ಜಾಗ ಸಾಲಲಿಲ್ಲ, ಪೇಂಟರ್ ಸೊನ್ನೆ ಹಾಕಿ ಕೈ ತೊಳೆದುಕೊಂಡಿದ್ದಾನೆ. ಮಾವ ಇದ್ದಿದ್ದರೆ ಇದನ್ನೇ ಮಾಡುತ್ತಿದ್ದರು.

ನುಡಿಕಾಲದವನು | 9:44

ಜಾಗದ ವಿಷಯ ಅಲ್ಲ ಸ್ವಾಮಿ. ಹಳಬರು ಬರೆಯುತ್ತಿದ್ದದ್ದೇ ಹಾಗೆ. ಅಂಣ, ಕಂಣು, ಬೆಂಣೆ. ನಮ್ಮ ತಾತನ ಲೆಕ್ಕದ ಪುಸ್ತಕದ ತುಂಬ ಹೀಗೇ ಇದೆ, ಅಲ್ಲಿ ಕೆಳಗೆ ಬೇಕಾದಷ್ಟು ಜಾಗ ಇತ್ತು. ಪೇಂಟರ್ ವಯಸ್ಸಾದವರಿರಬೇಕು.

ತುಂಗಾತೀರ | 9:47

ಲೆಕ್ಕದ ಪುಸ್ತಕ ಬೇರೆ, ತಗಡು ಬೇರೆ. ಅಕ್ಷರ ಅಂಚಿಗೆ ಮುಟ್ಟಿದೆ ಅಂತ ಅವರೇ ಹೇಳಿದರಲ್ಲ.

ಶ್ರವಣ | 9:52

ನನ್ನ ಸ್ಕ್ರೀನ್ ರೀಡರ್ "ಬೆಂಣೆ"ಯನ್ನು ಸೊನ್ನೆ ಸಮೇತ ಸರಿಯಾಗಿಯೇ ಓದಿತು. ಆಲ್ಟ್‌ನಲ್ಲಿ ತಿದ್ದಬೇಡಿ, ಬೋರ್ಡಿನಲ್ಲಿ ಇದ್ದ ಹಾಗೇ ಇರಲಿ.

ಬೋರ್ಡುಪ್ರೇಮಿ, ಮೈಸೂರು | 10:05

ತಿದ್ದುವುದಿಲ್ಲ. ಅಂಗಡಿ ಈಗ ಇಲ್ಲ, ಪಕ್ಕದ ದಾರದ ಅಂಗಡಿಯವರು ಇದ್ದಾರೆ. ನಾಳೆ ಸಂಜೆ ಹೋಗಿ ಬೋರ್ಡು ಬರೆದವರು ಯಾರು, ವಯಸ್ಸೆಷ್ಟಿತ್ತು ಅಂತ ವಿಚಾರಿಸುತ್ತೇನೆ. ನೀವಿಬ್ಬರೂ ಅಲ್ಲಿವರೆಗೆ ತಡೆದುಕೊಳ್ಳಿ.

ಎಡವಟ್ಟುರಾಯ | 10:07

ಶೀರ್ಷಿಕೆ ಏನು ಮಾಡಿದಿರಿ ಸಾರ್ ಕೊನೆಗೆ?

ಬೋರ್ಡುಪ್ರೇಮಿ, ಮೈಸೂರು | 10:09

"ಸಂತೆಪೇಟೆಯ ಬೆಂಣೆ ಅಂಗಡಿ". ಲೈನ್ ಹೈಟ್ 1.1 ಇದ್ದರೂ ನಡೆಯುತ್ತಿತ್ತು.